ಯಾವ ಕೊಳಗದಿಂದ ಅಳೆಯುವುದು?



1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಸತ್ಯಾಗ್ರಹವನ್ನು ನಾವು ಭೂಮಿಯ ಹೋರಾಟವೆಂದು ನೆನೆಯುತ್ತೇವೆ. ಭೂಮಿಯ ಹೋರಾಟವಾಗುವ ಮೊದಲು ಅದು ಕೊಳಗದ ಜಗಳವಾಗಿತ್ತು. ಗೇಣಿಯ ಭತ್ತ ಅಳೆಯಲು ಒಡೆಯರ ಕಡೆಯವರು ತರುತ್ತಿದ್ದ ಕೊಳಗ ಬಳಕೆಯ ಕೊಳಗಕ್ಕಿಂತ ದೊಡ್ಡದು. ಇಷ್ಟು ಕೊಳಗ ಎಂದು ಮಾತಾಗಿದ್ದರೂ ಕಣದಿಂದ ಹೋಗುತ್ತಿದ್ದದ್ದು ಅದಕ್ಕಿಂತ ಹೆಚ್ಚು. ಗೇಣಿದಾರರು ಮೊದಲು ಕೇಳಿದ್ದು ಭೂಮಿಯನ್ನಲ್ಲ, ಸರಿಯಾದ ಅಳತೆಯನ್ನು. ಹಾಗೆ ಕೇಳಿದ್ದಕ್ಕೆ ಗದ್ದೆಯೇ ಕೈತಪ್ಪುವ ಹೊತ್ತು ಬಂದಾಗ ನೇಗಿಲು ಹೊತ್ತು ಹೋಗಿ ಉತ್ತರು, ಜೈಲಿಗೆ ಹೋದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರ ಹೆಸರುಗಳು ನಾಡಿಗೆ ತಿಳಿದದ್ದು ಅಲ್ಲಿಂದ. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಊರಿನ ಜಗಳ ದೇಶದ ಸುದ್ದಿಯಾಯಿತು. ಎಪ್ಪತ್ತು ವರ್ಷ ದಾಟಿದ ಮೇಲೆ ಅದನ್ನು ಇಲ್ಲಿ ಎತ್ತುವುದಕ್ಕೆ ಕಾರಣ ಆ ಕೊಳಗ. ಒಕ್ಕಲೆಬ್ಬಿಸುವಿಕೆ ಎದುರಿಸುತ್ತಿರುವ ಗೇಣಿದಾರರಿಗೆ ನಾವು ಕೊಡುತ್ತಿರುವ ಕಾನೂನು ನೆರವನ್ನೂ ತಪ್ಪು ಕೊಳಗದಿಂದಲೇ ಅಳೆಯುತ್ತಿದ್ದೇವೆ ಎಂಬುದು ನನ್ನ ವಾದ.

ಕಾನೂನು ನೆರವಿನ ಯಾವ ವರದಿಯನ್ನು ತೆಗೆದರೂ ಲೆಕ್ಕ ಸಿಗುವುದು ಒಂದೇ ಬಗೆಯದು: ಎಷ್ಟು ಅರ್ಜಿ ಬಂದವು, ಎಷ್ಟು ಜನಕ್ಕೆ ವಕೀಲರನ್ನು ಕೊಡಲಾಯಿತು, ಎಷ್ಟು ಕೇಸು ಇತ್ಯರ್ಥವಾದವು. ಜಾಮೀನಿಗೋ ಜೀವನಾಂಶಕ್ಕೋ ಈ ಅಳತೆ ಒಂದಷ್ಟು ಸಾಲಬಹುದು. ಗೇಣಿಯ ವ್ಯಾಜ್ಯಕ್ಕೆ ಸಾಲದು. ಇಲ್ಲಿ ಕೇಸು ನಡೆಯುತ್ತಿರುವಾಗಲೇ ವ್ಯಾಜ್ಯದ ವಸ್ತು ಕೈಬಿಟ್ಟುಹೋಗುತ್ತದೆ. ಒಂದು ರಾತ್ರಿ ಜೆಸಿಬಿ ಬಂದು ಬದು ಕಿತ್ತು ಕಲ್ಲುಕಂಬ ನೆಟ್ಟುಹೋದರೆ, ಬೆಳಿಗ್ಗೆ ಕೇಸು ಕೋರ್ಟಿನಲ್ಲಿ ಹಾಗೇ ಇರುತ್ತದೆ, ಹೊಲದಲ್ಲಿ ಮನುಷ್ಯ ಇರುವುದಿಲ್ಲ. ಹತ್ತು ವರ್ಷ ಎಳೆದ ಕೇಸಿನಲ್ಲಿ ಹತ್ತು ವರ್ಷವೂ ರಾಗಿ ಬಿತ್ತಿ ಕೊಯ್ದವನು ಸೋತವನಲ್ಲ. ಮೂರು ತಿಂಗಳಲ್ಲಿ ‘ಇತ್ಯರ್ಥ’ವಾದ ಕೇಸಿನಲ್ಲಿ ಹೊಲ ಬಿಟ್ಟು ಕೂಲಿಗೆ ಹೋದವನು ಗೆದ್ದವನೂ ಅಲ್ಲ. ವರದಿಯಲ್ಲಿ ಮಾತ್ರ ಮೊದಲನೆಯದು ಬಾಕಿ, ಎರಡನೆಯದು ಸಾಧನೆ. ಆದ್ದರಿಂದ ಗೇಣಿದಾರರಿಗೆ ಕಾನೂನು ನೆರವು ಕೊಡುವ ತಂಡದ ಮೇಲ್ವಿಚಾರಣೆ ಹೊತ್ತವರು ಎಣಿಸಬೇಕಾದ್ದು ಕೇಸುಗಳನ್ನಲ್ಲ, ಸ್ವಾಧೀನದಲ್ಲಿ ಉಳಿದ ದಿನಗಳನ್ನು. ಈ ಒಂದು ಎಣಿಕೆ ಬದಲಾದರೆ ತಂಡದಲ್ಲಿ ಯಾರಿರಬೇಕು, ಬೆಳಿಗ್ಗೆ ಮೊದಲು ಯಾವ ಕಡತ ತೆಗೆಯಬೇಕು ಎಂಬುದೆಲ್ಲ ಬದಲಾಗುತ್ತದೆ.

ಬೆಂಗಳೂರಿನ ರಾಜಾಜಿನಗರದಲ್ಲಿ ಕುಳಿತು ಗೇಣಿಯ ಮಾತೇಕೆ ಎಂದು ಕೇಳಬಹುದು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ: ವಾರ್ಡು, ಬಸ್‌ಸ್ಟಾಪು, ಮೆಟ್ರೊ ನಿಲ್ದಾಣಗಳ ಹೆಸರಾಗಿ ಉಳಿದಿರುವ ಇವೆಲ್ಲ ಒಂದು ಕಾಲಕ್ಕೆ ಕೆರೆ, ತೋಟ, ಹೊಲ ಇದ್ದ ಊರುಗಳು. ಈಗ ನೇರಳೆ ಮಾರ್ಗದ ರೈಲು ಕೆಂಗೇರಿ ದಾಟಿ ಚಲ್ಲಘಟ್ಟಕ್ಕೆ ಹೋಗಿ ನಿಲ್ಲುತ್ತದೆ. 2023ರ ಅಕ್ಟೋಬರ್‌ನಿಂದ ಅದೇ ಕೊನೆಯ ನಿಲ್ದಾಣ. ಅದರ ಸುತ್ತಮುತ್ತ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ, ಕೊಮ್ಮಘಟ್ಟ, ಸೂಲಿಕೆರೆ, ಭೀಮನಕುಪ್ಪೆ, ಕನ್ನಲ್ಲಿ, ಸೀಗೇಹಳ್ಳಿ ಮೊದಲಾದ ಊರುಗಳ ನಾಲ್ಕು ಸಾವಿರ ಎಕರೆಗೂ ಮೇಲ್ಪಟ್ಟ ಜಮೀನಿಗೆ ನಾಡಪ್ರಭು ಕೆಂಪೇಗೌಡ ಬಡಾವಣೆಯ ಅಂತಿಮ ಅಧಿಸೂಚನೆ ಹೊರಟಿದ್ದು 2010ರ ಫೆಬ್ರುವರಿಯಲ್ಲಿ. ಪರಿಹಾರದ ಹಣವಾಗಲಿ, ಅದರ ಬದಲಿಗೆ ಕೊಡುವ ಅಭಿವೃದ್ಧಿಪಡಿಸಿದ ನಿವೇಶನವಾಗಲಿ ಖಾತೆದಾರನಿಗೆ. ಅಂಥ ಹೊಲದಲ್ಲಿ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಬಿತ್ತುತ್ತಿದ್ದವನಿಗೆ ಆ ಕಡತದಲ್ಲಿ ಅಂಕಣವೇ ಇಲ್ಲ. 2013ರ ಕೇಂದ್ರ ಭೂಸ್ವಾಧೀನ ಕಾಯಿದೆ, ಮೂರು ವರ್ಷದಿಂದ ಅಲ್ಲೇ ದುಡಿದು ಬದುಕುತ್ತಿದ್ದ ಗೇಣಿದಾರ, ಪಾಲುದಾರ, ಕೃಷಿ ಕೂಲಿಕಾರರನ್ನೂ ‘ಬಾಧಿತ ಕುಟುಂಬ’ ಎಂದು ಎಣಿಸುತ್ತದೆ. ಆದರೆ ಇಂಥ ಬಡಾವಣೆಗಳಿಗಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯಿದೆಯಡಿ ಆಗುವ ಸ್ವಾಧೀನಗಳಿಗೆ ಆ ಕಾಯಿದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಹಾಗಾಗಿ ರಾಜ್ಯದಲ್ಲಿ ಜಮೀನಿನ ಬೆಲೆ ಎಲ್ಲಿ ಅತಿ ಹೆಚ್ಚೋ ಅಲ್ಲೇ ಉಳುವವನಿಗೆ ಆಸರೆ ಅತಿ ಕಡಿಮೆ. ಬಡಾವಣೆ ಬರುತ್ತದೆ ಎಂಬ ಗಾಳಿಮಾತಿಗೇ ಅದರಾಚೆಯ ಬಿಡದಿ, ತಾವರೆಕೆರೆ, ಮಾಗಡಿ ಕಡೆಯ ಹೊಲಗಳಿಗೆ ತಂತಿಬೇಲಿ ಬೀಳುತ್ತದೆ. ಹೊಲ ಖಾಲಿ ಇದ್ದರೆ ಬೆಲೆ, ಉಳುವವನಿದ್ದರೆ ತಕರಾರು; ಮಾರುವವನ ಲೆಕ್ಕ ಇಷ್ಟೇ. ನಮ್ಮ ಭಾಷೆಯ ಚೋದ್ಯವನ್ನೂ ಇಲ್ಲೇ ಹೇಳಿಬಿಡಬೇಕು: ರೈತ ಹಿಡಿದುಕೊಂಡಿರುವುದಕ್ಕೂ ಸರ್ಕಾರ ತೆಗೆದುಕೊಳ್ಳುವುದಕ್ಕೂ ನಾವು ಬಳಸುವುದು ಒಂದೇ ಪದ, ಸ್ವಾಧೀನ.

ಗೇಣಿದಾರನಿಗೆ ವಕೀಲನೇ ಬೇಡ ಎಂದು ನಮ್ಮ ಕಾಯಿದೆಯೇ ನಂಬಿದ್ದ ಕಾಲವೊಂದಿತ್ತು. ಬಿ.ಡಿ. ಜತ್ತಿ ಸಮಿತಿಯ 1957ರ ವರದಿಯ ಬೆನ್ನಿಗೆ ಭೂ ಸುಧಾರಣಾ ಕಾಯಿದೆ 1961ರಲ್ಲಿ ರೂಪುಗೊಂಡಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ನಡುವಿನ ಆ ವರ್ಷಗಳು ಒಡೆಯರಿಗೆ ಸಿಕ್ಕ ವಾಯಿದೆ. ಗೇಣಿದಾರ ‘ಸ್ವಇಚ್ಛೆಯಿಂದ’ ಜಮೀನು ಬಿಟ್ಟುಕೊಟ್ಟ ಎಂಬ ಕಾಗದಗಳು ಹುಟ್ಟಿದ್ದು ಇಂಥ ವಾಯಿದೆಗಳಲ್ಲೇ. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದಾಗ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯಬೇಕಾಯಿತು. ಉಪವಿಭಾಗಾಧಿಕಾರಿಯ ಜೊತೆ ಸರ್ಕಾರ ನೇಮಿಸಿದ ಊರಿನವರೇ ಕೂರುವ ಮಂಡಳಿ. ಅದರ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು 48ನೇ ಕಲಂ ವಿಧಿಸಿತ್ತು. ಉದ್ದೇಶ ಒಳ್ಳೆಯದೇ. ಕರಿಕೋಟು ಬಂದರೆ ದುಡ್ಡಿದ್ದವನ ಕೈ ಮೇಲಾಗುತ್ತದೆ ಎಂಬ ಅಂಜಿಕೆ ಅದರ ಹಿಂದಿತ್ತು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದು ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರ ಆದವು. ದೇಶದ ಬೇರೆ ರಾಜ್ಯಗಳ ಪಕ್ಕಕ್ಕಿಟ್ಟು ನೋಡಿದರೆ ಇದು ಸಣ್ಣ ಸಾಧನೆಯಲ್ಲ, ಕರಾವಳಿ ಮತ್ತು ಮಲೆನಾಡಿನ ಚಹರೆಯೇ ಇದರಿಂದ ಬದಲಾಯಿತು.

ಆದರೆ ಗೆದ್ದ ಆದೇಶಗಳು ಹೈಕೋರ್ಟಿನಲ್ಲಿ ಬಿದ್ದ ಬಗೆಯನ್ನು ಗಮನಿಸಬೇಕು. ಗೇಣಿದಾರ ಉಳುತ್ತಿರಲಿಲ್ಲ ಎಂಬ ಕಾರಣಕ್ಕೆ ಬಿದ್ದವಕ್ಕಿಂತ, ಸಾಕ್ಷಿಯ ಹೇಳಿಕೆಯನ್ನು ಅಧ್ಯಕ್ಷರು ತಾವೇ ದಾಖಲಿಸಿಲ್ಲ, ಎದುರು ಪಕ್ಷಕ್ಕೆ ನೋಟಿಸು ಸರಿಯಾಗಿ ಮುಟ್ಟಿಲ್ಲ, ಆದೇಶದಲ್ಲಿ ಕಾರಣ ಬರೆದಿಲ್ಲ ಎಂದು ಮಂಡಳಿಗೆ ಮರಳಿದವು ಕಣ್ಣಿಗೆ ಹೊಡೆಯುತ್ತವೆ. ಮರಳಿ ಬಂದ ಕಡತ ಮತ್ತೆ ಹತ್ತು ವರ್ಷ ಕೂರುತ್ತದೆ, ಮತ್ತೆ ರಿಟ್ಟು, ಮತ್ತೆ ವಾಪಸು. ಅಷ್ಟರಲ್ಲಿ ಉತ್ತವನು ಸತ್ತು ಮಕ್ಕಳು ವಾರಸುದಾರರಾಗಿ ಸೇರಿರುತ್ತಾರೆ. ವಕೀಲನನ್ನು ಹೊರಗಿಟ್ಟರೂ ವಕೀಲಿಕೆ ಬಾಗಿಲಾಚೆ ನಿಂತು ಕಾಯುತ್ತಿತ್ತು. ಒಡೆಯನಿಗೆ ಹೈಕೋರ್ಟಿನಲ್ಲಿ ವಕೀಲರಿದ್ದರು, ಗೇಣಿದಾರನಿಗೆ ಮಂಡಳಿಯಲ್ಲಿ ‘ಸ್ವಾಮಿ, ಈ ಹೇಳಿಕೆಗೆ ಸಹಿ ಬೀಳಲಿಲ್ಲ’ ಎಂದು ಆ ಕ್ಷಣದಲ್ಲಿ ನೆನಪಿಸುವವರಿರಲಿಲ್ಲ. ವಕೀಲರನ್ನು ತಡೆಯುವ ಆ ಉಪಕಲಂ ವಕೀಲರ ಕಾಯಿದೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿದ್ದು 1987ರಲ್ಲಿ. ಅರ್ಜಿ ಸಲ್ಲಿಸುವ ಗಡುವು ಮುಂದೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ಮುಗಿದು ಎಂಟು ವರ್ಷವಾಗಿತ್ತು. ನಮೂನೆ 7 ಹಾಕದೆ ತಪ್ಪಿಹೋದವರಿಗಾಗಿ ತೊಂಬತ್ತರ ದಶಕದ ಕೊನೆಗೆ ನಮೂನೆ 7ಎ ತರಬೇಕಾಯಿತೆಂದರೆ ಎಷ್ಟು ಮಂದಿಗೆ ಸುದ್ದಿಯೇ ಮುಟ್ಟಿರಲಿಲ್ಲ ಎಂದು ಊಹಿಸಬಹುದು. ಇಡೀ ಚರಿತ್ರೆಯಲ್ಲಿ ಗೇಣಿದಾರ ವಾದದಲ್ಲಿ ಸೋತದ್ದು ಕಡಿಮೆ, ತಾರೀಖಿನಲ್ಲಿ ಮತ್ತು ಕಾಗದದಲ್ಲಿ ಸೋತದ್ದು ಹೆಚ್ಚು.

ಇಂದು ನೆರವು ಕೇಳಿ ಬರುವವರಲ್ಲಿ ಎರಡು ಬಗೆ. ಒಂದು, ಹಳೆಯ ಗೇಣಿಯ ಮೊಮ್ಮಕ್ಕಳು. ಅಜ್ಜನ ಹೆಸರಿಗೆ ಮಂಡಳಿಯ ಆದೇಶ ಇದೆ, ನಮೂನೆ 10ರ ಪ್ರಮಾಣಪತ್ರ ಬಂದಿಲ್ಲ, ಅಥವಾ ಬಂದರೂ ಪಹಣಿಗೆ ಏರಿಲ್ಲ, ಏರಿದರೂ ಪೋಡಿ ಆಗಿಲ್ಲ. ಒಡೆಯನ ಮೊಮ್ಮಗ ಹಳೆಯ ಖಾತೆಯ ಬಲದಿಂದಲೇ ಮಾರಿಬಿಡುತ್ತಾನೆ. ಎರಡು, ಹೊಸ ಗೇಣಿ. 1974ರ ನಂತರ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದೇ ನಿಷಿದ್ಧ. ಹಾಗೆಂದು ಗೇಣಿ ನಿಂತಿಲ್ಲ. ವಾರ, ಕೋರು, ಪಾಲು, ಗುತ್ತಿಗೆ, ‘ನೋಡ್ಕೊಂಡಿರು’ ಎಂಬ ಹೆಸರುಗಳಲ್ಲಿ ಬಾಯಿಮಾತಿನ ಮೇಲೆ ನಡೆದೇ ಇದೆ. ನಿಷೇಧ ಮಾಡಿದ್ದು ಇಷ್ಟೇ: ಗೇಣಿಯನ್ನಲ್ಲ, ಗೇಣಿಯ ಕಾಗದವನ್ನು ಇಲ್ಲವಾಗಿಸಿತು. ಪಹಣಿಯ 9ನೇ ಅಂಕಣದಲ್ಲಿ ಖಾತೆದಾರನ ಹೆಸರು, 12ನೇ ಅಂಕಣದಲ್ಲಿ ಸಾಗುವಳಿ ಮಾಡುವವನ ವಿವರ. ಆ 12ನೇ ಅಂಕಣದಲ್ಲಿ ವರ್ಷ ವರ್ಷವೂ ಖಾತೆದಾರನೇ ಸ್ವಂತ ಸಾಗುವಳಿ ಮಾಡುತ್ತಿದ್ದಾನೆ ಎಂದು ಅಚ್ಚಾಗುತ್ತದೆ, ಆತ ಬಸವೇಶ್ವರನಗರದಲ್ಲಿ ಮನೆ ಕಟ್ಟಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಸರಿ. ಭೂ ಕಂದಾಯ ಕಾಯಿದೆಯ 133ನೇ ಕಲಮಿನಂತೆ ಪಹಣಿಯ ನಮೂದನ್ನು, ತಪ್ಪೆಂದು ರುಜುವಾಗುವ ತನಕ, ನಿಜವೆಂದೇ ಭಾವಿಸಬೇಕು. ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ಹೋದ ಮೇಲೆ ಶಾನುಭೋಗಿಕೆಯ ಎಷ್ಟೋ ಕಿರುಕುಳ ತಪ್ಪಿದ್ದು ನಿಜ. ಆದರೆ ಗೊಬ್ಬರದ ರಿಯಾಯಿತಿಯಿಂದ ಬೆಂಬಲ ಬೆಲೆಯ ರಾಗಿ ಖರೀದಿಯವರೆಗೆ ಎಲ್ಲವೂ ಸರ್ವೆ ನಂಬರಿಗೆ, ಖಾತೆದಾರನ ರೈತ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಗೆ ಅಂಟಿಕೊಂಡದ್ದರಿಂದ ವಾರದವನು ಬೆಳೆದ ರಾಗಿಯೂ ಒಡೆಯನ ಹೆಸರಿನಲ್ಲೇ ತೂಗುತ್ತದೆ.

ಒಕ್ಕಲೆಬ್ಬಿಸುವ ಕೇಸು ಎಂದರೆ ಒಡೆಯ ಬಂದು ‘ಇವನನ್ನು ಬಿಡಿಸಿಕೊಡಿ’ ಎಂದು ದಾವೆ ಹೂಡುತ್ತಾನೆ ಎಂದು ಹೊರಗಿನವರು ಭಾವಿಸುತ್ತಾರೆ. ಹಾಗೆ ಹೂಡುವವನು ತನ್ನ ಬಾಯಿಂದಲೇ ಇವನ ಸ್ವಾಧೀನ ಒಪ್ಪಿಕೊಂಡ ಹಾಗಾಗುತ್ತದೆ. ಆದ್ದರಿಂದ ಬರುವುದು ಬರೀ ತಡೆಯಾಜ್ಞೆಯ ದಾವೆ: ಜಮೀನು ನನ್ನ ಸ್ವಾಧೀನದಲ್ಲೇ ಇದೆ, ಪ್ರತಿವಾದಿ ಹೊಸದಾಗಿ ಬಂದು ಅಡ್ಡಿ ಮಾಡುತ್ತಿದ್ದಾನೆ. ಪಹಣಿ ಲಗತ್ತಿಸಿದ್ದಾಗಿದೆ. ಅದನ್ನು ನೋಡಿ ನ್ಯಾಯಾಲಯ ಏಕಪಕ್ಷೀಯವಾಗಿ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರೆ, ಇಪ್ಪತ್ತು ವರ್ಷ ಉತ್ತವನು ಮಾರನೆಯ ದಿನ ತನ್ನ ಬೆಳೆಗೆ ನೀರು ಬಿಡಲು ಹೋದದ್ದೇ ಆಜ್ಞೆಯ ಉಲ್ಲಂಘನೆ. ಒಕ್ಕಲೆಬ್ಬಿಸುವಿಕೆ ಎಂಬ ಪದ ಆ ಕಡತದಲ್ಲಿ ಎಲ್ಲೂ ಇರುವುದಿಲ್ಲ. ಇದಕ್ಕೆ ಮದ್ದು ಕಾನೂನಿನಲ್ಲೇ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಮೊದಲೇ ಒಂದು ಕೇವಿಯಟ್ ಹಾಕಿಟ್ಟರೆ ಇವನ ಮಾತು ಕೇಳದೆ ಆಜ್ಞೆ ಹೊರಡುವಂತಿಲ್ಲ. ಅದರ ಆಯುಸ್ಸು 90 ದಿನ. 91ನೇ ದಿನ ಅದು ಸತ್ತ ಕಾಗದ, ನವೀಕರಿಸಬೇಕು. ಏಕಪಕ್ಷೀಯ ಆಜ್ಞೆ ಬಂದೇಬಿಟ್ಟರೆ 30 ದಿನದೊಳಗೆ ಅರ್ಜಿ ತೀರ್ಮಾನಿಸಲು ನ್ಯಾಯಾಲಯ ಯತ್ನಿಸಬೇಕು ಎನ್ನುತ್ತದೆ 39ನೇ ಆದೇಶದ 3ಎ ನಿಯಮ. ಕೇಳುವವರಿಲ್ಲದಿದ್ದರೆ ಯಾರೂ ಯತ್ನಿಸುವುದಿಲ್ಲ. ಸಮನ್ಸು ತಲುಪಿದ ಮೇಲೆ ಲಿಖಿತ ಹೇಳಿಕೆಗೆ 30 ದಿನ, ಎಳೆದರೆ 90. ಬಲವಂತದಿಂದ ಹೊರಹಾಕಿದ್ದರೆ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಡಿ, ಮಾಲೀಕತ್ವದ ಗೊಡವೆಯೇ ಇಲ್ಲದೆ ಸ್ವಾಧೀನ ಮರಳಿ ಕೇಳಬಹುದು. ಆದರೆ ಆರು ತಿಂಗಳೊಳಗೆ. ಊರಿನ ಹಿರಿಯರ ಪಂಚಾಯ್ತಿ, ಸ್ಟೇಷನ್ನಿಗೆ ಅಲೆದಾಟ, ‘ಹಬ್ಬ ಕಳೀಲಿ ನೋಡೋಣ’ ಎಂಬ ಸಮಾಧಾನ ಇವುಗಳಲ್ಲೇ ಆರು ತಿಂಗಳು ಕಳೆದುಹೋಗುತ್ತದೆ. ಒಡೆಯನ ಕಡೆಯವರಿಗೆ ಈ ಗಡುವು ಚೆನ್ನಾಗಿ ಗೊತ್ತಿರುತ್ತದೆ.

ಮೇಲ್ವಿಚಾರಕರ ಕೆಲಸ ಏನೆಂಬುದು ಈಗ ಸ್ಪಷ್ಟವಾಗಬಹುದು. ಪ್ರತಿ ಕಡತದ ಮೇಲೂ ಒಂದು ಗಡಿಯಾರ ಓಡುತ್ತಿದೆ. ಆ ಗಡಿಯಾರಗಳನ್ನೆಲ್ಲ ಒಟ್ಟಿಗೆ ನೋಡುವ ಒಬ್ಬರು ಬೇಕು. ಹತ್ತಾರು ಖಾಸಗಿ ಕೇಸುಗಳ ನಡುವೆ ಎರಡು ನೆರವಿನ ಕೇಸು ಹಿಡಿದಿರುವ ಪ್ಯಾನೆಲ್ ವಕೀಲರಿಗೆ ಅದು ಸಾಧ್ಯವಿಲ್ಲ, ಅವರ ಪ್ರಾಮಾಣಿಕತೆಯ ಪ್ರಶ್ನೆ ಇಲ್ಲಿಲ್ಲ. ಎರಡನೆಯ ಕೆಲಸ ಸಾಕ್ಷ್ಯದ್ದು. ಒಡೆಯನ ಕಡೆಯಿಂದ ಬರುವ ಮಾತು ಯಾವಾಗಲೂ ಒಂದೇ, ‘ಅವನು ನಮ್ಮ ಕೂಲಿಯವನು’. ಕಾಯಿದೆಯೂ ಕೂಲಿಗೆ ದುಡಿಯುವವನನ್ನು ಗೇಣಿದಾರನೆನ್ನುವುದಿಲ್ಲ. ಕೂಲಿಯವನಲ್ಲ ಎಂದು ತೋರಿಸುವುದು ನಷ್ಟ ಯಾರದಾಗಿತ್ತು ಎಂಬ ಪ್ರಶ್ನೆ. ಬೀಜ ತಂದ ಅಂಗಡಿಯ ಚೀಟಿ, ಟ್ರ್ಯಾಕ್ಟರಿನವನಿಗೆ ಕೊಟ್ಟ ಫೋನ್‌ಪೇ ಲೆಕ್ಕ, ಹಾಲಿನ ಡೇರಿಯ ಪಾಸ್‌ಬುಕ್ಕು, ಹೊಲದ ಮನೆಯ ಕರೆಂಟ್ ಬಿಲ್ಲು, ಬರ ಬಿದ್ದ ವರ್ಷ ಮಾಡಿದ ಸಾಲ. ಇವು ಕೋರ್ಟಿನಲ್ಲಿ ಸಿಗುವುದಿಲ್ಲ, ಸೂರಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತವೆ, ಅದೂ ಮನೆಯ ಹೆಂಗಸರನ್ನು ಕೇಳಿದರೆ. ಸ್ವಾಧೀನ ನೆಲೆಯೂರಿದೆಯೇ ಎಂದು ತಿಳಿಯಲು ಆ ಹೊಲದಲ್ಲಿ ಬೆಳೆ ಬೆಳೆದಿದ್ದಾನೆಯೇ ಎಂಬುದೂ ಒಂದು ಲಕ್ಷಣ ಎಂದು ಸುಪ್ರೀಂ ಕೋರ್ಟು 1975ರಷ್ಟು ಹಿಂದೆಯೇ ಹೇಳಿದೆ. ಹಾಗಿದ್ದಮೇಲೆ ಬಿತ್ತನೆಯ ದಿನ ಅಕ್ಕಪಕ್ಕದ ಹೊಲದವರನ್ನು ಸೇರಿಸಿ ತೆಗೆದ ನಾಲ್ಕು ಫೋಟೊ, ನಾಲ್ಕು ಪುಟದ ವಾದಕ್ಕಿಂತ ಮೇಲು. ಅದನ್ನು ತೆಗೆಯಬಲ್ಲವರು ಅರೆಕಾಲಿಕ ಕಾನೂನು ಸ್ವಯಂಸೇವಕರು, ಹತ್ತಿರದ ಕಾನೂನು ಕಾಲೇಜಿನ ವಿದ್ಯಾರ್ಥಿಗಳು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಿಂದ, ಜ್ಞಾನಭಾರತಿ ಆವರಣದಿಂದ ಕೆಂಗೇರಿ ಹೋಬಳಿಯ ಹೊಲಕ್ಕೆ ಅರ್ಧ ಗಂಟೆಯ ದಾರಿ. ಆದರೆ ವಿದ್ಯಾರ್ಥಿಗೆ ಏನು ನೋಡಬೇಕೆಂದು ಹೇಳಿ ಕಳಿಸಬೇಕು, ತಂದದ್ದನ್ನು ಅದೇ ವಾರ ವಕೀಲರ ಕೈಗೆ ಮುಟ್ಟಿಸಬೇಕು. ಅದೇ ಮೇಲ್ವಿಚಾರಣೆ.

ಇಂಥದ್ದು ನಮ್ಮಲ್ಲಿ ಕಂಡರಿಯದ ಸಂಗತಿಯೂ ಅಲ್ಲ. ಉಚಿತ ಕಾನೂನು ನೆರವನ್ನು ಹೇಳುವ ಸಂವಿಧಾನದ 39ಎ ವಿಧಿ 1976ರಲ್ಲಿ ಬಂತು, ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1987ರಲ್ಲಿ ಆಗಿ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ, ತಾಲ್ಲೂಕು ಮಟ್ಟದವರೆಗೆ ಸಮಿತಿಗಳಿವೆ. ಆ ಕಾಯಿದೆಯಡಿಯ 2010ರ ನಿಯಮಾವಳಿಯಲ್ಲಿ ಉಸ್ತುವಾರಿ ಸಮಿತಿಯ ಏರ್ಪಾಡಿದೆ, ಕೇಸಿನ ಪ್ರಗತಿ ಬರೆದಿಡುವ ರಿಜಿಸ್ಟರೂ ಇದೆ. ಕ್ರಿಮಿನಲ್ ಕೇಸುಗಳಿಗಂತೂ 2022ರಿಂದ ಪೂರ್ಣಾವಧಿಯ ರಕ್ಷಣಾ ವಕೀಲರ ವ್ಯವಸ್ಥೆ ಬಂದಿದೆ. ಒಬ್ಬ ಮುಖ್ಯಸ್ಥರು, ಅವರ ಕೈಕೆಳಗೆ ಉಪ ಮತ್ತು ಸಹಾಯಕ ವಕೀಲರು, ಒಂದೇ ಕಚೇರಿ. ಕೈದಿಯ ಕಡತಕ್ಕೆ ಒಬ್ಬ ಹಿರಿಯರು ಹೊಣೆಯಾಗಿರಬೇಕೆಂದು ಒಪ್ಪಿದ ಮೇಲೆ, ಹೊಲ ಕಳೆದುಕೊಳ್ಳುವವನ ಕಡತ ಮಾತ್ರ ಹಂಚಿಹೋದ ಪ್ಯಾನೆಲ್ಲಿನಲ್ಲೇ ಇರಲಿ ಎನ್ನುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಆಕ್ಷೇಪಣೆಗಳಲ್ಲಿ ಭಾರವಾದದ್ದು ಇದು: 1974ರ ನಂತರದ ಗೇಣಿಯೇ ಕಾನೂನುಬಾಹಿರ ಎಂದಮೇಲೆ ಸರ್ಕಾರಿ ದುಡ್ಡಿನಿಂದ ಅದಕ್ಕೆ ನೆರವೇಕೆ? ನಿಷೇಧ ಮುರಿದವರು ಇಬ್ಬರು, ಕೊಟ್ಟವನು ಮತ್ತು ಪಡೆದವನು. ಶಿಕ್ಷೆ ಮಾತ್ರ ಒಬ್ಬನಿಗೇ ಬೀಳುತ್ತಿದೆ ಎಂಬುದು ಸುಲಭದ ಉತ್ತರ. ಅದನ್ನು ಬಿಡೋಣ. ಗಟ್ಟಿಯಾದ ಉತ್ತರ ಬೇರೆ. ತಂಡ ರಕ್ಷಿಸುತ್ತಿರುವುದು ಗೇಣಿಯನ್ನಲ್ಲ, ಕಾನೂನಿನ ದಾರಿಯನ್ನು. ಕರ್ನಾಟಕದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ 2003ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು: ಹಕ್ಕು ರುಜುವಾತಾಗದಿದ್ದರೂ ನೆಲೆಯೂರಿದ ಸ್ವಾಧೀನ ಇರುವವನನ್ನು ಕಾನೂನಿನ ಕ್ರಮದಿಂದಲ್ಲದೆ ತೆಗೆಯುವಂತಿಲ್ಲ. ಮಾಲೀಕ ತನ್ನ ಹಕ್ಕಿನ ಮೇಲೆ ದಾವೆ ಹೂಡಲಿ, ಗೆಲ್ಲಲಿ, ಬಿಡಿಸಿಕೊಳ್ಳಲಿ. ಜೆಸಿಬಿ ತರುವುದು ಬೇಡ. ಇಲ್ಲಿ ತಂಡದ ಮಿತಿಯನ್ನೂ ಒಪ್ಪಬೇಕು. ಮಾಲೀಕನ ಪರವಾಗಿ ಸುಮ್ಮನೆ ನೋಡಿಕೊಂಡಿದ್ದವನಿಗೆ ಈ ರಕ್ಷಣೆ ದೊರೆಯದು. ವಾರದವನಿಗೆ ‘ಜಮೀನು ನಿನ್ನದಾಗುತ್ತದೆ’ ಎಂದು ಆಸೆ ಹುಟ್ಟಿಸುವ ವಕೀಲ ಅವನಿಗೆ ಎರಡನೆಯ ಸಲ ಮೋಸ ಮಾಡಿದ ಹಾಗೆ. ಏನು ಸಿಗಬಹುದು, ಏನು ಸಿಗದು ಎಂದು ಮೊದಲ ದಿನವೇ ಹೇಳಿದ್ದಾರೆಯೇ ಎಂದು ಪರೀಕ್ಷಿಸುವುದೂ ಮೇಲ್ವಿಚಾರಕರ ಪಾಲಿನದೇ.

ಒಡೆಯರೆಲ್ಲ ಕಾಗೋಡಿನ ಒಡೆಯರಲ್ಲ ಎಂಬ ಆಕ್ಷೇಪಣೆಯೂ ನ್ಯಾಯವಾದದ್ದೇ. ಗಂಡ ತೀರಿಕೊಂಡ ಮೇಲೆ ಎರಡು ಎಕರೆಯನ್ನು ವಾರಕ್ಕೆ ಕೊಟ್ಟು ವಿಜಯನಗರದ ಗಾರ್ಮೆಂಟ್ಸಿಗೆ ದುಡಿಯಲು ಬಂದ ಹೆಂಗಸೂ ಕಾಯಿದೆಯ ಕಣ್ಣಿಗೆ ಭೂಮಾಲೀಕಳು. ಅಷ್ಟೇ ಅಲ್ಲ, ಕಾನೂನು ಸೇವಾ ಕಾಯಿದೆಯ 12ನೇ ಕಲಮಿನಂತೆ ಹೆಂಗಸಾದ್ದರಿಂದಲೇ ಆಕೆಯೂ ಉಚಿತ ನೆರವಿಗೆ ಅರ್ಹಳು. ಒಂದೇ ತಾಲ್ಲೂಕು ಸಮಿತಿಯ ಬಾಗಿಲಿಗೆ ಎರಡೂ ಪಕ್ಷದವರು ಬಂದು ನಿಲ್ಲುವುದು ಹೀಗೆ. ಬಂದ ಕೂಡಲೇ ಸರ್ವೆ ನಂಬರು ಹಿಡಿದು ಹಳೆಯ ರಿಜಿಸ್ಟರಿನಲ್ಲಿ ಹುಡುಕಿ ನೋಡದಿದ್ದರೆ, ಒಬ್ಬರ ಗುಟ್ಟು ಕೇಳಿಸಿಕೊಂಡ ಸ್ವಯಂಸೇವಕನೇ ಇನ್ನೊಬ್ಬರ ಮನೆಗೂ ಹೋಗಿ ಕೂತಿರುತ್ತಾನೆ. ಇಬ್ಬರಿಗೂ ಬೇರೆ ಬೇರೆ ವಕೀಲರು, ಬೇರೆ ಬೇರೆ ಕಡತ, ಕಡತಗಳಿಗೆ ಬೇರೆ ಬೇರೆ ಬೀಗ ಬೇಕು. ಒಬ್ಬೊಬ್ಬ ವಕೀಲರಿಗೆ ತಮ್ಮ ಕೇಸು ಮಾತ್ರ ಕಾಣುವುದರಿಂದ ಈ ಬಿಕ್ಕಟ್ಟು ಕಾಣುವುದು ಮೇಲೆ ನಿಂತು ನೋಡುವವರಿಗೆ ಮಾತ್ರ. ಸ್ವಾಧೀನದ ಎಣಿಕೆ ಇಂಥ ಹೆಂಗಸಿಗೆ ಅನ್ಯಾಯ ಮಾಡುವುದೇ? ಮಾಡಬಹುದು, ಅದನ್ನೇ ಕುರುಡಾಗಿ ಹಿಡಿದು ಕೂತರೆ. ಆಕೆಗೆ ಬೇಕಾದ್ದು ಬಹುಪಾಲು ಸಲ ಗೇಣಿಯ ದುಡ್ಡು, ಖಾಲಿ ಹೊಲವಲ್ಲ. ಆಕೆಯ ಹೊಲವನ್ನು ಖಾಲಿ ಮಾಡಿಸಲು ಹೊರಟವನು ಹೆಚ್ಚಾಗಿ ಅದನ್ನು ಕೊಳ್ಳಲು ಬಂದ ಮೂರನೆಯವನು. ಭೂ ಸುಧಾರಣಾ ಕಾಯಿದೆಯ 2020ರ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದ ಮೇಲೆ ಈ ಮೂರನೆಯವನಿಗೆ ಅಡ್ಡಿಯೂ ಇಲ್ಲ.

‘ಹಾಗಾದರೆ ರಾಜಿ ಮಾಡಿಸಿಬಿಡಿ, ಲೋಕ ಅದಾಲತ್ ಇದೆಯಲ್ಲ’ ಎನ್ನುವವರಿಗೆ ಹೇಳುವುದು ಸ್ವಲ್ಪ ಹೆಚ್ಚಿದೆ. ರಾಜಿ ಕೆಟ್ಟದ್ದಲ್ಲ. ಕೆಂಗೇರಿಯ ಆಸುಪಾಸಿನಲ್ಲಿ ಹೊಲ ಹೇಗೂ ನಿವೇಶನವಾಗಲಿರುವಾಗ, ಒಂದಷ್ಟು ಹಣ ಅಥವಾ ತಲೆಯ 
ಮೇಲೊಂದು ಸೂರು ಪಡೆದು ಬಿಡುವುದೇ ಜಾಣತನವಾಗಿರಬಹುದು. ಆದರೆ ಲೋಕ ಅದಾಲತ್ತಿನ ತೀರ್ಪು ಅಂತಿಮ, ಅದರ ಮೇಲೆ ಅಪೀಲಿಲ್ಲ. ಇತ್ಯರ್ಥದ ಸಂಖ್ಯೆಯೇ ಕೊಳಗವಾದ ಕಡೆ ಅದಾಲತ್ತಿನ ಹಿಂದಿನ ವಾರ ವಕೀಲರ ಮೇಲೂ ಕಕ್ಷಿದಾರರ ಮೇಲೂ ಬೀಳುವ ಒತ್ತಡ ಕೋರ್ಟಿನ ಆವರಣ ಬಲ್ಲವರಿಗೆ ಗೊತ್ತು. ಅರವತ್ತರ ದಶಕದ ‘ಸ್ವಇಚ್ಛೆಯ’ ಬಿಟ್ಟುಕೊಡುವಿಕೆಗೂ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡ ರಾಜಿಪತ್ರಕ್ಕೂ ವ್ಯತ್ಯಾಸವಿಲ್ಲ. ಒಂದು ನಿಯಮ ಸಾಕು: ಹೊಲ ಬಿಡುವ ಯಾವ ರಾಜಿಗೂ ಸಹಿ ಬೀಳುವ ಮೊದಲು, ಆ ಕೇಸಿನ ವಕೀಲರಲ್ಲದ ಇನ್ನೊಬ್ಬರು ಕಕ್ಷಿದಾರನನ್ನೂ ಮನೆಯವರನ್ನೂ ಕೂರಿಸಿಕೊಂಡು, ಹಣ ಯಾವ ದಿನ ಯಾರ ಖಾತೆಗೆ ಬರುತ್ತದೆ, ನಿಂತ ಬೆಳೆ ಯಾರದು, ಮನೆ ಯಾವಾಗ ಖಾಲಿ ಮಾಡಬೇಕು ಎಂದು ಅವರ ಬಾಯಿಂದಲೇ ಹೇಳಿಸಬೇಕು. ಹೇಳಲು ಬಾರದಿದ್ದರೆ ಆ ದಿನ ಸಹಿ ಇಲ್ಲ. ಇದರಿಂದ ಇತ್ಯರ್ಥದ ಲೆಕ್ಕ ತಗ್ಗುತ್ತದೆ, ತಗ್ಗಲಿ.

ವಕೀಲರ ಸ್ವಾತಂತ್ರ್ಯಕ್ಕೆ ಇದು ಧಕ್ಕೆಯಲ್ಲವೇ ಎಂಬುದು ವಕೀಲ ಮಿತ್ರರ ಮಾತು. ವಾದ ಹೇಗೆ ಮಂಡಿಸಬೇಕೆಂದು ಮೇಲ್ವಿಚಾರಕರು ಹೇಳಿಕೊಡುವಂತಿಲ್ಲ, ಒಪ್ಪುತ್ತೇನೆ. ಆದರೆ ಕೇವಿಯಟ್ ಮುಗಿಯುವ ದಿನ ನೆನಪಿಸುವುದು, ಹೊಲಕ್ಕೆ ಹೋಗಿ ಬಂದಿರಾ ಎಂದು ಕೇಳುವುದು ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ. ಒಳ್ಳೆಯ ಸೀನಿಯರ್ ಇದ್ದ ಪ್ರತಿ ಕಚೇರಿಯಲ್ಲೂ ಇದು ನಡೆದೇ ಇದೆ. ಗೇಣಿದಾರನ ವಕೀಲರಿಗೆ ನಿಜವಾಗಿ ಬೇಕಾದ್ದು ಹೊರಗಿನ ಒತ್ತಡದಿಂದ ರಕ್ಷಣೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1966ರಲ್ಲಿ ಹೊಲದ ಕೂಲಿಕಾರರಿಗಾಗಿ ಹುಟ್ಟಿದ ಗ್ರಾಮೀಣ ಕಾನೂನು ನೆರವು ಸಂಸ್ಥೆ ದೊಡ್ಡ ಬೆಳೆಗಾರರನ್ನೂ ರಾಜ್ಯ ಸರ್ಕಾರವನ್ನೂ ಕೋರ್ಟಿಗೆಳೆದು ಗೆಲ್ಲತೊಡಗಿದಾಗ, ಗವರ್ನರ್ ರೊನಾಲ್ಡ್ ರೇಗನ್ 1970ರ ಕೊನೆಗೆ ಅದರ ಅನುದಾನಕ್ಕೇ ತಡೆ ಹಾಕಿದರು. ನ್ಯಾಯಾಧೀಶರ ಆಯೋಗವೊಂದು ಆರೋಪಗಳನ್ನೆಲ್ಲ ಪರಿಶೀಲಿಸಿ ತಳ್ಳಿಹಾಕಿದ ಮೇಲೆ ಸಂಸ್ಥೆ ಉಳಿಯಿತು. ಅಂಥ ಹೊತ್ತಿನಲ್ಲಿ ಕಿರಿಯ ವಕೀಲ ಒಂಟಿಯಾಗಿ ನಿಲ್ಲಲಾರ. ಅಚ್ಚುಕಟ್ಟಾಗಿ ಬರೆದಿಟ್ಟ ಕಡತವೂ ಅದಕ್ಕೆ ಸಹಿ ಹಾಕಿದ ಹಿರಿಯರೂ ಬೆನ್ನಿಗಿರಬೇಕು.

ಇಷ್ಟೆಲ್ಲ ಆದರೂ ಇದು ಕೇಸು ಕೇಸಿಗೆ ಕಟ್ಟುವ ತೇಪೆ, ಕಾಯಿಲೆ ಇರುವುದು 12ನೇ ಅಂಕಣದಲ್ಲಿ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಪಶ್ಚಿಮ ಬಂಗಾಳ 1978ರಿಂದ ನಡೆಸಿದ ಆಪರೇಷನ್ ಬರ್ಗಾದಲ್ಲಿ ಅಧಿಕಾರಿಗಳು ಸಂಜೆ ಹೊತ್ತು ಹಳ್ಳಿಗೇ ಹೋಗಿ ಕೂತು, ಪಾಲುದಾರರ ಬಾಯಿಂದ ಕೇಳಿ, ಎಲ್ಲರೆದುರು ಖಚಿತ ಮಾಡಿಕೊಂಡು ಬರೆದುಕೊಂಡರು. ಹೀಗೆ ದಾಖಲಾದವರು ಹದಿನಾಲ್ಕು ಲಕ್ಷಕ್ಕೂ ಹೆಚ್ಚು. ಪಾಲುದಾರನಿಗೆ ಅಲ್ಲಿ ಭೂಮಿ ಸಿಗಲಿಲ್ಲ, ಹೆಸರು ಸಿಕ್ಕಿತು. ಒಕ್ಕಲೆಬ್ಬಿಸುವುದು ಕಷ್ಟವಾಗಲು ಅಷ್ಟು ಸಾಕಾಯಿತು. ಅವಿಭಜಿತ ಆಂಧ್ರದಲ್ಲಿ 2011ರಲ್ಲಿ ಬಂದ ಪರವಾನಗಿ ಸಾಗುವಳಿದಾರರ ಕಾಯಿದೆಯ ಹಿಂದೆಯೂ ಇದೇ ಯೋಚನೆ. ಕರ್ನಾಟಕ ಅಂಥ ಹೆಜ್ಜೆ ಇಡಲೇಬೇಕು. ಆದರೆ ಉಳುವವನ ಹೆಸರು ಬರೆಯುತ್ತಾರೆ ಎಂಬ ಸುದ್ದಿ ಹಬ್ಬಿದ ದಿನವೇ 1961ರ ವಾಯಿದೆ ಮತ್ತೆ ಬರುತ್ತದೆ. ಬರೆಯುವವರು ಬರುವ ಮೊದಲೇ ಬೇಲಿ ಹಾಕುವವರು ಬರುತ್ತಾರೆ. ಆ ದಿನ ಹೊಲದಲ್ಲಿ ಇಲ್ಲದವನ ಹೆಸರು ಯಾವ ಅಂಕಣಕ್ಕೂ ಏರದು. ತೇಪೆ ಎಂದವರು ಕಾಯುತ್ತಿರುವ ಆ ಸುಧಾರಣೆ ಬರುವ ತನಕ ಮನುಷ್ಯನನ್ನು ಹೊಲದಲ್ಲಿ ನಿಲ್ಲಿಸಿ ಇಟ್ಟುಕೊಳ್ಳುವ ಕೆಲಸ ಯಾರಾದರೂ ಮಾಡಬೇಕು.

ಅದಕ್ಕೆ ಬೇಕಾದ ಮೊದಲ ಬದಲಾವಣೆಗೆ ಕಾಯಿದೆ ಬೇಡ, ಅನುದಾನವೂ ಬೇಡ. ತಾಲ್ಲೂಕು ಸಮಿತಿಯ ಕಚೇರಿಯಲ್ಲಿ ಈಗಿರುವ ರಿಜಿಸ್ಟರಿನಲ್ಲಿ ಅರ್ಜಿ ಸಂಖ್ಯೆ, ಹೆಸರು, ವಕೀಲರು, ಮುಂದಿನ ದಿನಾಂಕ, ಷರಾ ಎಂದು ಗೆರೆ ಎಳೆದಿರುತ್ತಾರೆ. ಷರಾದ ಪಕ್ಕಕ್ಕೆ ಇನ್ನೂ ಎರಡು ಗೆರೆ ಎಳೆಯಬೇಕು. ಒಂದರಲ್ಲಿ ಕೇವಿಯಟ್ಟಿನ 90ನೇ ದಿನ. ಇನ್ನೊಂದರಲ್ಲಿ, ಮುಂಗಾರಿನ ಬಿತ್ತನೆಗೊಮ್ಮೆ ಕೊಯ್ಲಿಗೊಮ್ಮೆ, ಆ ಸರ್ವೆ ನಂಬರಿನಲ್ಲಿ ಉಳುತ್ತಿರುವವರ ಹೆಸರು. ಪಹಣಿ ನೋಡಿ ಬರೆದದ್ದಲ್ಲ, ಹೊಲದ ಬದುವಿನ ಮೇಲೆ ನಿಂತು ನೋಡಿದವರು ಬರೆದು, ದಿನಾಂಕ ಹಾಕಿ, ಸಹಿ ಮಾಡಿದ್ದು.